ಕೋಕಿನ ಗುಟ್ಟು, ಐಬಿಎಂನ ಹಳೇ ಯಂತ್ರ

ಜಾರ್ಜ್ ಫರ್ನಾಂಡಿಸ್ ಹೆಸರು ಬಂದಾಗಲೆಲ್ಲ ಅದರ ಬೆನ್ನಿಗೆ ಒಂದು ಮಾತು ಬರುತ್ತದೆ: ಕೋಕಾ ಕೋಲಾವನ್ನೂ ಐಬಿಎಂ ಅನ್ನೂ ದೇಶದಿಂದ ಓಡಿಸಿದವರು. ಕೆಲವರು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ಕೆಲವರು ಹಣೆ ಚಚ್ಚಿಕೊಂಡು ಹೇಳುತ್ತಾರೆ. 2019ರ ಜನವರಿ 29ರಂದು ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲೂ ರೈಲ್ವೆ ಮುಷ್ಕರ, ಡೈನಮೈಟ್ ಮೊಕದ್ದಮೆ, ಕೊಂಕಣ ರೈಲ್ವೆಗಳ ಪಕ್ಕದಲ್ಲಿ ಈ ಮಾತು ತಪ್ಪದೆ ಇತ್ತು.

ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎರಡು ಕಂಪನಿಗಳನ್ನೂ ಬಾಗಿಲ ತನಕ ತಂದು ನಿಲ್ಲಿಸಿದ ಕಾನೂನು ಇಂದಿರಾ ಗಾಂಧಿ ಸರಕಾರದ್ದು, 1973ರದ್ದು. ಐಬಿಎಂ ಜೊತೆ ಮಾತುಕತೆ ನಡೆಸಿದ್ದು ಎಲೆಕ್ಟ್ರಾನಿಕ್ಸ್ ಇಲಾಖೆ. ಅದು ಇದ್ದದ್ದು ಪ್ರಧಾನಿಯ ಕೈಕೆಳಗೆ, ಕೈಗಾರಿಕಾ ಮಂತ್ರಿಗೆ ಸೇರಿದ್ದಲ್ಲ. ಆ ಮಾತುಕತೆ ಶುರುವಾದದ್ದೂ ಜನತಾ ಸರಕಾರ ಬರುವ ಮೊದಲೇ. ಇನ್ನು ‘ಓಡಿಸಿದರು’ ಎಂಬ ಪದವೂ ಸರಿಯಾಗಿ ಕೂರುವುದಿಲ್ಲ. ಇಲ್ಲಿ ಇರಬೇಕಾದರೆ ಹೀಗಿರಿ ಎಂದು ಷರತ್ತು ಹಾಕಲಾಯಿತು. ಎರಡೂ ಕಂಪನಿಗಳು ಒಪ್ಪದೆ ಹೊರಟವು. ಷರತ್ತು ಮೇಲ್ನೋಟಕ್ಕೆ ಷೇರಿನ ಲೆಕ್ಕದ್ದು. ಅದರ ಹೊಟ್ಟೆಯಲ್ಲಿದ್ದ ಪ್ರಶ್ನೆ ಬೇರೆ: ಒಂದು ಕಂಪನಿಗೆ ಗೊತ್ತಿರುವುದನ್ನು ಅದು ವ್ಯಾಪಾರ ಮಾಡುವ ದೇಶವೂ ಕಲಿಯಬೇಕು ಎಂದು ಕೇಳಬಹುದೇ?

ಆ ಪ್ರಶ್ನೆ ಕೇಳಲು ಕುಳಿತ ಮನುಷ್ಯನ ಬಗ್ಗೆ ಒಂದೆರಡು ಮಾತು. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್, ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರೆ ಅಲ್ಲಿಂದ ಹೊರಬಿದ್ದು, ಊರಿನಲ್ಲಿ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಿ, 1949ರಲ್ಲಿ ಮುಂಬೈ ಸೇರಿದರು. ಚೌಪಾಟಿಯ ಮರಳಲ್ಲಿ ಮಲಗಿದ್ದು, ಬಂದರು ಮತ್ತು ಟ್ಯಾಕ್ಸಿ ಕಾರ್ಮಿಕರ ನಾಯಕನಾದದ್ದು, 1967ರಲ್ಲಿ ಎಸ್.ಕೆ. ಪಾಟೀಲರಂಥ ಪಾಟೀಲರನ್ನು ದಕ್ಷಿಣ ಮುಂಬೈಯಲ್ಲಿ ಸೋಲಿಸಿದ್ದು ಮುಂಬೈ ಕನ್ನಡಿಗರ ಮನೆಗಳಲ್ಲಿ ಇವತ್ತಿಗೂ ಹೇಳಿ ಮುಗಿಯದ ಕಥೆ. ತುರ್ತುಪರಿಸ್ಥಿತಿಯಲ್ಲಿ ಭೂಗತರಾಗಿ, 1976ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದು 1977ರಲ್ಲಿ ಮಂತ್ರಿಯಾದರು. ಮೊದಲು ಸಂಪರ್ಕ ಖಾತೆ, ಕೆಲವೇ ತಿಂಗಳಲ್ಲಿ ಕೈಗಾರಿಕೆ. ಸಮಾಜವಾದಿ ಕಾರ್ಮಿಕ ನಾಯಕನ ಮೇಜಿನ ಮೇಲೆ ಬಂದು ಬಿದ್ದ ಫೈಲುಗಳಲ್ಲಿ ಕೋಕಾ ಕೋಲಾದ್ದೂ ಒಂದು.

ಕಾನೂನಿನ ಹೆಸರು ಫೆರಾ, ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ. ಜಾರಿಗೆ ಬಂದದ್ದು 1974ರ ಜನವರಿ 1ರಿಂದ. ಹೆಸರು ಹೇಳುವಂತೆ ಅದು ಡಾಲರು ಉಳಿಸುವ ಕಾನೂನು. ಅದರ 29ನೇ ಕಲಮಿನ ಪ್ರಕಾರ ವಿದೇಶಿಯರ ಪಾಲು ಶೇ. 40ಕ್ಕಿಂತ ಹೆಚ್ಚಿದ್ದ ಕಂಪನಿಗಳು ಇಲ್ಲಿ ವ್ಯವಹಾರ ಮುಂದುವರಿಸಲು ರಿಸರ್ವ್ ಬ್ಯಾಂಕಿನ ಅನುಮತಿ ಪಡೆಯಬೇಕು. ಸಾಮಾನ್ಯ ವ್ಯವಹಾರ ಮಾಡುವವರು ಪಾಲನ್ನು ಶೇ. 40ಕ್ಕೆ ಇಳಿಸಬೇಕು; ಬೇರೆಡೆ ಸಿಗದ ತಂತ್ರಜ್ಞಾನ ತಂದವರಿಗೆ, ಹೆಚ್ಚು ರಫ್ತು ಮಾಡುವವರಿಗೆ ರಿಯಾಯಿತಿ ಉಂಟು. ಬಹುತೇಕ ಕಂಪನಿಗಳು ಗೊಣಗಿಕೊಂಡು ಒಪ್ಪಿದವು, ಷೇರುಗಳನ್ನು ಭಾರತೀಯರಿಗೆ ಮಾರಿದವು. ಮುಂಬೈ, ಅಹಮದಾಬಾದ್‌ಗಳ ಮಧ್ಯಮ ವರ್ಗ ಷೇರು ಪೇಟೆಗೆ ಮೊದಲ ಸಲ ಕಾಲಿಟ್ಟದ್ದು ಬಹುಮಟ್ಟಿಗೆ ಈ ‘ಫೆರಾ ಇಶ್ಯೂ’ಗಳಿಂದ. ಹಿಂದುಸ್ತಾನ್ ಲೀವರ್ ವರ್ಷಗಟ್ಟಲೆ ಚೌಕಾಸಿ ಮಾಡಿ, ರಫ್ತು ಹೆಚ್ಚಿಸಿ ತೋರಿಸಿ, ಶೇ. 51ರಷ್ಟು ಪಾಲನ್ನು ಲಂಡನ್ನಿನ ಕೈಯಲ್ಲೇ ಉಳಿಸಿಕೊಂಡಿತು. ಲೀವರ್ ಈ ಕಥೆಯ ಕೊನೆಗೆ ಮತ್ತೆ ಬರುತ್ತದೆ.

ಕೋಕಾ ಕೋಲಾದ ಪರಿಸ್ಥಿತಿ ವಿಚಿತ್ರವಾಗಿತ್ತು. ಬಾಟಲಿ ತುಂಬುತ್ತಿದ್ದ ಕಾರ್ಖಾನೆಗಳು, ಲಾರಿಗಳು, ಅಂಗಡಿಗಳು ಎಲ್ಲ ಆಗಲೇ ಭಾರತೀಯರವು. ವಿದೇಶಿ ಕಂಪನಿಯ ಕೈಯಲ್ಲಿದ್ದದ್ದು ಒಂದೇ, ರಸಸಾರ. ಅದನ್ನು ಅದು ತಯಾರಿಸಿ ಕೊಡುತ್ತಿತ್ತು, ಇವರು ನೀರು, ಸಕ್ಕರೆ, ಗ್ಯಾಸು ಬೆರೆಸಿ ಮಾರುತ್ತಿದ್ದರು. ಆ ರಸಸಾರದಲ್ಲಿ ಏನಿದೆ ಎಂಬುದೇ ಕಂಪನಿಯ ಆಸ್ತಿ. ಕುಡಿಯುವ ನೀರು ತಲುಪದ ಹಳ್ಳಿಗೂ ಕೋಕ್ ತಲುಪಿದೆ ಎಂಬುದು ಜಾರ್ಜ್ ಮುಂದೆ ಸಂದರ್ಶನಗಳಲ್ಲಿ ಆಡಿದ ಮಾತು. ಆದರೆ 1977ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಅವರು ಮುಂದಿಟ್ಟ ಷರತ್ತು ಭಾವನೆಯದ್ದಲ್ಲ, ಕರಾರುವಾಕ್ಕಾಗಿತ್ತು: ಶೇ. 60 ಷೇರು ಭಾರತೀಯರಿಗೆ ಹೋಗಬೇಕು, ಅದರ ಜೊತೆಗೆ ತಾಂತ್ರಿಕ ಜ್ಞಾನವೂ ಹಸ್ತಾಂತರವಾಗಬೇಕು. ಕಂಪನಿ ಷೇರಿನ ವಿಷಯದಲ್ಲಿ ಬಗ್ಗಲು ತಯಾರಿತ್ತು. ಗುಟ್ಟನ್ನು ಕಾಯುವ ತಾಂತ್ರಿಕ ಕಚೇರಿಯೊಂದನ್ನು ಮಾತ್ರ ತಾನೇ ಇಟ್ಟುಕೊಳ್ಳುತ್ತೇನೆಂದಿತು. ಸರಕಾರ ಒಪ್ಪಲಿಲ್ಲ. ಕಂಪನಿ ಹೊರಟಿತು.

ಗುಟ್ಟಿಗೆ ಇಷ್ಟು ಬೆಲೆ ಯಾಕೆ ಎಂದು ಅರ್ಥವಾಗಬೇಕಾದರೆ ಪೇಟೆಂಟಿನ ವ್ಯವಹಾರ ತಿಳಿದಿರಬೇಕು. ಪೇಟೆಂಟ್ ಅಂದರೆ ಕೊಡು-ಕೊಳ್ಳುವ ಒಪ್ಪಂದ. ಕಂಡುಹಿಡಿದದ್ದನ್ನು ಹೇಗೆ ಮಾಡುವುದೆಂದು ಬಿಡಿಸಿ ಬರೆದು ಸರಕಾರದ ದಫ್ತರಿಗೆ ಕೊಡಬೇಕು. ಬದಲಿಗೆ ಇಷ್ಟು ವರ್ಷ ಬೇರೆ ಯಾರೂ ಅದನ್ನು ಮಾಡದಂತೆ ಕಾನೂನು ಕಾಯುತ್ತದೆ. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು. ಅಟ್ಲಾಂಟಾದ ಔಷಧಿ ವ್ಯಾಪಾರಿ ಜಾನ್ ಪೆಂಬರ್ಟನ್ 1886ರಲ್ಲಿ ಹುಟ್ಟುಹಾಕಿದ ಪಾನೀಯದ ಮಾಲೀಕರು ಈ ಒಪ್ಪಂದದ ಆಚೆ ನಿಂತರು. ಬರೆದುಕೊಟ್ಟರಲ್ಲವೇ ಅವಧಿ ಮುಗಿಯುವುದು? ಸೂತ್ರವನ್ನು ಬ್ಯಾಂಕಿನ ತಿಜೋರಿಯಲ್ಲಿಟ್ಟು, ಅದರ ಮುಖ್ಯ ಭಾಗಕ್ಕೆ ‘7ಎಕ್ಸ್’ ಎಂದು ಹೆಸರಿಟ್ಟು, ಆ ಬೀಗವನ್ನೇ ಜಾಹೀರಾತು ಮಾಡಿಕೊಂಡರು. ಹೀಗೆ ದಫ್ತರಿನಲ್ಲಿ ದಾಖಲೆಯೇ ಇಲ್ಲದ ಜ್ಞಾನವನ್ನು ಪೇಟೆಂಟ್ ಕಾನೂನು ಮುಟ್ಟಲಾರದು. ಹಾಗಾಗಿಯೇ ಡಾಲರು ಉಳಿಸಲೆಂದು ಮಾಡಿದ ಕಾನೂನನ್ನು ಹಿಡಿದು ಸರಕಾರ ಗುಟ್ಟು ಕೇಳಬೇಕಾಯಿತು. ಬಾಗಿಲು ಇಲ್ಲದ ಕಡೆ ಕಿಟಕಿ ತಟ್ಟಿದ ಹಾಗೆ.

ಅದೇ ದಶಕದಲ್ಲಿ ಬಾಗಿಲು ಇದ್ದ ಕಡೆ ಏನಾಯಿತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಸ್ವಾತಂತ್ರ್ಯ ಬಂದ ಮೇಲೂ ದೇಶದಲ್ಲಿದ್ದದ್ದು 1911ರ ಬ್ರಿಟಿಷ್ ಪೇಟೆಂಟ್ ಕಾನೂನು. ಅದನ್ನು ಪರಿಶೀಲಿಸಿ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿ, ಸ್ವತಂತ್ರ ಭಾರತದ ಅತ್ಯುತ್ತಮ ಸರಕಾರಿ ದಾಖಲೆಗಳಲ್ಲಿ ಒಂದು. ಭಾರತದ ಪೇಟೆಂಟುಗಳಲ್ಲಿ ಶೇ. 80ರಿಂದ 90 ವಿದೇಶಿಯರವು, ಅವುಗಳಲ್ಲಿ ಶೇ. 90ಕ್ಕೂ ಹೆಚ್ಚು ಇಲ್ಲಿ ಬಳಕೆಗೇ ಬಂದಿಲ್ಲ ಎಂದು ಅವರು ತೋರಿಸಿದರು. ಅಂದರೆ ವಸ್ತುವನ್ನು ಇಲ್ಲಿ ತಯಾರಿಸುವುದಿಲ್ಲ, ತಯಾರಿಸಲು ಬಿಡುವುದೂ ಇಲ್ಲ. ವರದಿಯ ದಾರಿ ಹಿಡಿದು ಬಂದ 1970ರ ಕಾಯ್ದೆ ಔಷಧಿ ಮತ್ತು ಆಹಾರ ಪದಾರ್ಥಗಳಿಗೆ ಪೇಟೆಂಟ್ ಕೊಡುವುದನ್ನು ನಿಲ್ಲಿಸಿತು. ತಯಾರಿಸುವ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ 7 ವರ್ಷ. ಔಷಧಿಯ ರಚನೆ ಪೇಟೆಂಟ್ ದಾಖಲೆಗಳಲ್ಲಿ ಪ್ರಕಟವಾಗಿಯೇ ಇತ್ತು. ಮುಂಬೈ, ಹೈದರಾಬಾದ್‌ಗಳ ರಸಾಯನಶಾಸ್ತ್ರಜ್ಞರು ಅದನ್ನು ಓದಿ, ಅದೇ ವಸ್ತುವಿಗೆ ಬೇರೆ ದಾರಿ ಹುಡುಕಿದರು. 2001ರಲ್ಲಿ ಸಿಪ್ಲಾ ಕಂಪನಿ ಏಡ್ಸ್ ಔಷಧಿಯನ್ನು ರೋಗಿಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದು ಮುಂದೆ ಬಂದಾಗ ಪಾಶ್ಚಾತ್ಯ ಕಂಪನಿಗಳ ದರ ಹತ್ತು ಸಾವಿರ ಡಾಲರಿಗೂ ಮೇಲಿತ್ತು. ಆ ವ್ಯತ್ಯಾಸದ ಹಿಂದೆ ಮೂವತ್ತು ವರ್ಷದ ಓದಿತ್ತು.

ಕೋಕಿನ ಜಾಗ ತುಂಬಲು ಸರಕಾರವೂ ರಸಾಯನಶಾಸ್ತ್ರಕ್ಕೇ ಮೊರೆಹೋಯಿತು. ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿರುವ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಒಂದು ಕೋಲಾ ಸೂತ್ರ ಸಿದ್ಧಪಡಿಸಿತು. ಎಮ್ಮೆಹಾಲಿನಿಂದ ಮಕ್ಕಳ ಹಾಲುಪುಡಿ ತಯಾರಿಸುವ ವಿಧಾನ ಕಂಡುಕೊಟ್ಟ ಸಂಸ್ಥೆ ಅದು; ಅದರ ಪಾಲಿಗೆ ಕೋಲಾ ಬಹಳ ದೊಡ್ಡ ಸವಾಲೇನೂ ಆಗಿರಲಾರದು. ಬಾಟಲಿಗೆ ತುಂಬಿದ್ದು ಬ್ರೆಡ್ಡಿಗೆ ಹೆಸರಾದ ಸರಕಾರಿ ಕಂಪನಿ, ಮಾಡರ್ನ್ ಫುಡ್ ಇಂಡಸ್ಟ್ರೀಸ್. ಜನತಾ ಪಕ್ಷ ಅಧಿಕಾರಕ್ಕೆ ಬಂದ ವರ್ಷದ ನೆನಪಿಗೆ ‘ಡಬಲ್ ಸೆವೆನ್’ ಎಂದು ಹೆಸರು. ಸರಕಾರದ ಆಯುಷ್ಯವನ್ನು ಪಾನೀಯದ ಹೆಸರಿಗೆ ಕಟ್ಟಬಾರದು ಎಂದು ಯಾರಿಗೂ ಹೊಳೆಯಲಿಲ್ಲ. 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದ ಮೇಲೆ 77ನ್ನು ನೆನೆಯುವ ಆಸಕ್ತಿ ದೆಹಲಿಯಲ್ಲಿ ಉಳಿಯಲಿಲ್ಲ.

ಖಾಲಿ ಜಾಗ ಸಿಕ್ಕಿದ್ದು ಖಾಸಗಿಯವರಿಗೆ. ದೆಹಲಿಯಲ್ಲಿ ಕೋಕ್ ತುಂಬುತ್ತಿದ್ದ ಪ್ಯೂರ್ ಡ್ರಿಂಕ್ಸ್ ಕ್ಯಾಂಪಾ ಕೋಲಾ ತಂದಿತು. ಮುಂಬೈಯ ಪಾರ್ಲೆಯ ಚೌಹಾಣ್ ಸಹೋದರರು ಥಮ್ಸ್ ಅಪ್ ತಂದರು. ಉಡುಪಿ ಹೋಟೆಲುಗಳ ಕೂಲರುಗಳಲ್ಲಿ ಗೋಲ್ಡ್ ಸ್ಪಾಟ್, ಲಿಮ್ಕಾಗಳ ಪಕ್ಕ ಅದು ಜಾಗ ಹಿಡಿಯಲು ತಡವಾಗಲಿಲ್ಲ. ಯಾರಿಗೂ 7ಎಕ್ಸ್ ಏನೆಂದು ಗೊತ್ತಾಗಲಿಲ್ಲ, ಯಾರಿಗೂ ಅದು ಬೇಕಾಗಲೂ ಇಲ್ಲ. ಸರಕಾರ ಇಡೀ ಜಗಳ ಮಾಡಿದ್ದು ಆ ಗುಟ್ಟಿಗಾಗಿ ಎಂಬುದನ್ನು ನೆನೆದರೆ ನಗು ಬರುತ್ತದೆ.

ಐಬಿಎಂ ವಿಷಯ ಇಷ್ಟು ಹಗುರವಲ್ಲ.

1950ರ ದಶಕದ ಆರಂಭದಲ್ಲಿ ಭಾರತಕ್ಕೆ ಬಂದ ಐಬಿಎಂ, ಮುಂಬೈಯಲ್ಲಿ ಕಾರ್ಖಾನೆ ಹಾಕಿ ಮೊದಲು ಪಂಚ್ ಕಾರ್ಡ್ ಯಂತ್ರಗಳನ್ನು, ಆಮೇಲೆ 1401 ಮಾದರಿಯ ಕಂಪ್ಯೂಟರುಗಳನ್ನು ಕೊಡತೊಡಗಿತು. ರೈಲ್ವೆಯ ವಲಯ ಕಚೇರಿಗಳು, ತೈಲ ಕಂಪನಿಗಳು, ದೊಡ್ಡ ಗಿರಣಿಗಳು ಅದರ ಗಿರಾಕಿಗಳು. ವ್ಯವಹಾರ ಬಾಡಿಗೆಯದ್ದು; ಯಂತ್ರ ಐಬಿಎಂನದ್ದೇ, ತಿಂಗಳಿಗೆ ಇಷ್ಟು ಎಂದು ಬಾಡಿಗೆ. ಸಮಸ್ಯೆ ಇದ್ದದ್ದು ಯಂತ್ರದ ವಯಸ್ಸಿನಲ್ಲಿ. 1401 ಅಮೆರಿಕದಲ್ಲಿ ಪ್ರಕಟವಾದದ್ದು 1959ರಲ್ಲಿ. ಅಲ್ಲಿನ ಗಿರಾಕಿಗಳು ಹೊಸ ಮಾದರಿಗೆ ಹೋದಾಗ ವಾಪಸು ಬಂದ ಯಂತ್ರಗಳು ಹಡಗು ಹತ್ತಿ ಮುಂಬೈಗೆ ಬರುತ್ತಿದ್ದವು, ಇಲ್ಲಿ ದುರಸ್ತಿಯಾಗಿ ಬಾಡಿಗೆಗೆ ಹೋಗುತ್ತಿದ್ದವು. ಒಂದು ಸಲ ಬಂಡವಾಳ ಹುಟ್ಟಿದ ಯಂತ್ರ ಇನ್ನೊಂದು ದೇಶದಲ್ಲಿ ಮತ್ತೆ ಹತ್ತು ವರ್ಷ ದುಡಿಯುತ್ತಿತ್ತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1976ರಲ್ಲಿ, ಅಂದರೆ ತುರ್ತುಪರಿಸ್ಥಿತಿಯ ನಡುವೆಯೇ, ಸರಕಾರಿ ಇಲಾಖೆಗಳ ಕಂಪ್ಯೂಟರೀಕರಣದ ಬಗ್ಗೆ ವರದಿ ಕೊಟ್ಟಾಗ ಹಳೇ ಯಂತ್ರಗಳ ಈ ಲಾಭವನ್ನು ಕಟುವಾಗಿ ಟೀಕಿಸಿತು.

ಐಬಿಎಂ ಪರವಾಗಿ ಹೇಳಬೇಕಾದದ್ದೂ ಇದೆ. ಐಐಟಿ ಕಾನ್ಪುರಕ್ಕೆ 1963ರಲ್ಲಿ ಬಂದ 1620 ಯಂತ್ರದ ಮೇಲೆ ಪ್ರೋಗ್ರಾಮಿಂಗ್ ಕಲಿತವರು ಮುಂದೆ ದೇಶಕ್ಕೇ ಕಲಿಸಿದರು. ಕಂಪನಿಯ ರಿಪೇರಿ ಸೇವೆಯ ಶಿಸ್ತನ್ನು ವಿರೋಧಿಗಳೂ ಮೆಚ್ಚುತ್ತಿದ್ದರು. ಕಲ್ಕತ್ತೆಯಲ್ಲಿ ಎಲ್‌ಐಸಿ ನೌಕರರು 1960ರ ದಶಕದಲ್ಲಿ ಕಂಪ್ಯೂಟರ್ ಬರದಂತೆ ಕಟ್ಟಡಕ್ಕೆ ಕಾವಲು ನಿಂತಿದ್ದ ದೇಶ ಇದು. ಹಳೇ ಯಂತ್ರವೇ ಆಗಲಿ, ಇಲ್ಲಿ ತಂದು ನಡೆಸುವುದು ಸುಲಭವಿರಲಿಲ್ಲ. ಆದರೂ, ಬೇರೆಡೆ ಸಿಗದ ತಂತ್ರಜ್ಞಾನ ತಂದಿದ್ದೇವೆ, ಆದ್ದರಿಂದ ಫೆರಾದಿಂದ ರಿಯಾಯಿತಿ ಕೊಡಿ ಎಂದು ಕೇಳುವ ಬಾಯಿಗೆ 1401 ಬೀಗ ಹಾಕಿತ್ತು.

ಐಬಿಎಂ ಮುಂದಿಟ್ಟ ದಾರಿ ವ್ಯವಹಾರವನ್ನು ಎರಡಾಗಿ ಒಡೆಯುವುದು. ದತ್ತಾಂಶ ಸಂಸ್ಕರಣೆಯ ಸೇವಾ ಕೇಂದ್ರಗಳಿಗೆ ಶೇ. 40ರ ಕಂಪನಿ, ತಯಾರಿಕೆ, ರಫ್ತು, ಬಾಡಿಗೆ ಪೂರ್ತಿ ತನ್ನದೇ ಆಗಿರಬೇಕು. ಜಗತ್ತಿನಾದ್ಯಂತ ನಮ್ಮ ಸಂಶೋಧನೆ, ತಯಾರಿಕೆ, ಮಾರಾಟ ಒಂದೇ ಹೆಣಿಗೆ, ಒಂದು ದೇಶದಲ್ಲಿ ಪಾಲುದಾರನನ್ನು ಒಳಗೆ ಬಿಟ್ಟರೆ ನಾಳೆ ಎಲ್ಲ ಕಡೆ ಬಿಡಬೇಕಾಗುತ್ತದೆ ಎಂಬುದು ಅದರ ವಾದ. ಬ್ರಿಟನ್ನಿನ ಐಸಿಎಲ್ ಒಪ್ಪಿ ಪಾಲು ಇಳಿಸಿತು. ಅದರ ಪುಣೆಯ ಕಂಪನಿಯೇ ಇವತ್ತಿನ ಝೆನ್ಸಾರ್. ಅಮೆರಿಕದ್ದೇ ಆದ ಬರೋಸ್ ಟಾಟಾಗಳ ಜೊತೆ ಕೂಡಿ ಮುಂಬೈಯ ಸೀಪ್ಜ್‌ನಲ್ಲಿ ಟಾಟಾ ಬರೋಸ್ ಕಟ್ಟಿತು. ಹಾಗಾಗಿ ಷರತ್ತು ಅಸಾಧ್ಯದ್ದಾಗಿತ್ತು ಎನ್ನಲು ಬರುವುದಿಲ್ಲ. ಐಬಿಎಂ ಪಾಲಿಗೆ ಭಾರತ ಸಣ್ಣ ಪೇಟೆ, ತತ್ವ ದೊಡ್ಡದು. 1977ರ ನವೆಂಬರ್‌ನಲ್ಲಿ ನಿರ್ಗಮನ ಘೋಷಿಸಿತು, 1978ರ ಜೂನ್ 1ಕ್ಕೆ ವ್ಯವಹಾರ ಮುಚ್ಚಿತು.

ಆದರೆ ಯಂತ್ರಗಳು ಇಲ್ಲೇ ಉಳಿದವು. ರೈಲ್ವೆಯ ಲೆಕ್ಕ, ಗಿರಣಿಯ ಸಂಬಳಪಟ್ಟಿ ಜೂನ್ 2ಕ್ಕೂ ನಡೆಯಬೇಕಿತ್ತು. ಆ ಭಾರ ಹೊತ್ತದ್ದು ಸರಕಾರ ಎರಡು ವರ್ಷ ಮೊದಲಷ್ಟೇ ಹುಟ್ಟುಹಾಕಿದ್ದ ಸಿಎಂಸಿ, ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಶನ್. ಐಬಿಎಂನ ಹಲವು ಎಂಜಿನಿಯರುಗಳು ಅಲ್ಲಿಗೇ ಬಂದರು. ಇನ್ನು ಕೆಲವರು ಕೂಡಿ ಐಡಿಎಂ ಎಂಬ ತಮ್ಮದೇ ಕಂಪನಿ ಮಾಡಿಕೊಂಡರು. ಹೆಸರಿನಲ್ಲಿ ಒಂದೇ ಅಕ್ಷರದ ಅಂತರ, ಹಳೇ ಯಜಮಾನರ ನೆನಪು ಬಿಡದ ಹಾಗೆ. ಒಂದೇ ಕಂಪನಿಯ ಯಂತ್ರ ನೋಡಿಕೊಳ್ಳುವವರು ಅದೊಂದನ್ನೇ ಕಲಿಯುತ್ತಾರೆ. ಸಿಎಂಸಿಯವರಿಗೆ ಆ ಅನುಕೂಲ ಇರಲಿಲ್ಲ. ಬೇರೆ ಬೇರೆ ದೇಶದ, ಬೇರೆ ಬೇರೆ ಕಾಲದ ಯಂತ್ರಗಳು ಅವರ ಪಾಲಿಗೆ ಬಂದವು. 1985-86ರಲ್ಲಿ ದೆಹಲಿಯಲ್ಲಿ ರೈಲ್ವೆ ಸೀಟು ಕಾದಿರಿಸುವ ಕಂಪ್ಯೂಟರ್ ವ್ಯವಸ್ಥೆ ಕಟ್ಟಿದ್ದು ಇದೇ ರಿಪೇರಿ ಕಂಪನಿ. ಮುಂಬೈ ವಿಟಿಯಲ್ಲಿ, ಮದ್ರಾಸ್ ಸೆಂಟ್ರಲ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಸಾಲು ಹಿಡಿದು, ಒಂದೊಂದು ರೈಲಿಗೆ ಒಂದೊಂದು ಕಿಟಕಿ ಹುಡುಕಿ, ಊರಿಗೆ ಟಿಕೇಟು ಮಾಡಿಸುತ್ತಿದ್ದ ಕಾಲವನ್ನು ಬಲ್ಲವರಿಗೆ, ಯಾವ ಕಿಟಕಿಯಲ್ಲಾದರೂ ಯಾವ ರೈಲಿನ ಟಿಕೇಟಾದರೂ ಸಿಗುವುದರ ಅರ್ಥ ವಿವರಿಸಬೇಕಿಲ್ಲ.

ಇಲ್ಲಿಂದ ‘ಐಬಿಎಂ ಹೋದದ್ದರಿಂದಲೇ ಬೆಂಗಳೂರು ಆಯಿತು’ ಎಂಬ ಮಾತಿಗೆ ಜಿಗಿಯುವುದು ಸುಲಭ, ಅನೇಕರು ಜಿಗಿದಿದ್ದಾರೆ. ನಿಜದಲ್ಲಿ ಸಾಲ ಎರಡೂ ಕಡೆ ಇದೆ. ಎಚ್‌ಸಿಎಲ್, ಡಿಸಿಎಂ, ಎಣ್ಣೆ-ಸಾಬೂನಿನಿಂದ ಕಂಪ್ಯೂಟರಿಗೆ ಬಂದ ವಿಪ್ರೊ, ಇವಕ್ಕೆಲ್ಲ ಐಬಿಎಂ ಇಲ್ಲದ ಪೇಟೆ ಸಿಕ್ಕಿತು. ಹೈದರಾಬಾದಿನ ಇಸಿಐಎಲ್ 1960ರ ದಶಕದ ಕೊನೆಯಿಂದಲೇ ಟಿಡಿಸಿ ಯಂತ್ರಗಳನ್ನು ಮಾಡುತ್ತಿತ್ತು. ಆದರೆ ಗಿರಾಕಿ ಬೆಲೆ ತೆತ್ತ. ದೇಶೀ ಯಂತ್ರ ದುಬಾರಿ, ಅದರೊಳಗಿನ ಚಿಪ್ಪು ಹೊರಗಿನದ್ದೇ, ಆಮದು ಮಾಡಲು ಹೋದರೆ ದೆಹಲಿಯ ಪರವಾನಗಿ ಕಚೇರಿಗಳ ಮೆಟ್ಟಿಲು ಸವೆಸಬೇಕು. 1981ರಲ್ಲಿ ಪುಣೆಯಲ್ಲಿ ಶುರುವಾದ ಇನ್ಫೋಸಿಸ್ ಅನುಭವಿಸಿದ ಪಾಡು ಅದೇ. ಚಿಪ್ಪು ಮಾಡುವ ವಿದ್ಯೆ ಕಲಿಯಲೆಂದು ಮೊಹಾಲಿಯಲ್ಲಿ ಕಟ್ಟಿದ ಸರಕಾರಿ ಕಾರ್ಖಾನೆ 1989ರ ಫೆಬ್ರವರಿಯಲ್ಲಿ ಬೆಂಕಿಗೆ ತುತ್ತಾಯಿತು. ಯಂತ್ರವನ್ನು ನಡೆಸುವುದು ಬಂತು, ಯಂತ್ರಕ್ಕೆ ಬರೆಯುವುದು ಬಂತು. ಯಂತ್ರದ ಹೃದಯವನ್ನು ಮಾಡುವುದು ಬರಲಿಲ್ಲ. ಷೇರು ಶೇ. 40 ಆಗಿದ್ದರೂ ಬರುತ್ತಿರಲಿಲ್ಲವೇನೋ. ಔಷಧಿಯ ಅಣುವಿನಂತೆ ಅದು ಒಂದು ಹಾಳೆಯಲ್ಲಿ ಬರೆದಿಟ್ಟ ವಿದ್ಯೆಯಲ್ಲ.

ಹೋದವರು ಮರಳಿ ಬಂದ ಬಗೆಯಲ್ಲಿ ಕಥೆಯ ಇನ್ನೊಂದು ಮುಖವಿದೆ. 1991ರಲ್ಲಿ ಆರ್ಥಿಕ ಬಾಗಿಲು ತೆರೆಯಿತು. 1992ರಲ್ಲಿ ಐಬಿಎಂ ಬೆಂಗಳೂರಿಗೆ ಬಂತು, ಟಾಟಾ ಜೊತೆ ಅರ್ಧರ್ಧ ಪಾಲಿನಲ್ಲಿ. ಹದಿನಾಲ್ಕು ವರ್ಷದ ಹಿಂದೆ ಪ್ರಾಣಕ್ಕಿಂತ ಹೆಚ್ಚಾಗಿದ್ದ ತತ್ವ ಈಗ ಅಡ್ಡ ಬರಲಿಲ್ಲ. ಕೆಲವು ವರ್ಷ ಕಳೆದು ಕಾನೂನು ಇನ್ನಷ್ಟು ಸಡಿಲಾದಾಗ ಟಾಟಾಗಳ ಪಾಲನ್ನೂ ಕೊಂಡು ಪೂರ್ತಿ ತನ್ನದಾಗಿಸಿಕೊಂಡಿತು ಎಂಬುದು ಬೇರೆ.

ಕೋಕಾ ಕೋಲಾ 1993ರ ಅಕ್ಟೋಬರ್‌ನಲ್ಲಿ ಆಗ್ರಾದಿಂದ ಮರುಪ್ರವೇಶ ಮಾಡಿತು. ಬಂದ ಹೊಸತರಲ್ಲೇ ಪಾರ್ಲೆಯಿಂದ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್‌ಗಳನ್ನು ಕೊಂಡಿತು. ಕೊಂಡದ್ದು ಹೆಸರುಗಳನ್ನು, ಅವುಗಳ ಬೆನ್ನಿಗಿದ್ದ ಬಾಟ್ಲಿಂಗ್ ಜಾಲವನ್ನು. ಥಮ್ಸ್ ಅಪ್‌ನ ರಸಸಾರದಲ್ಲಿ ಏನಿದೆ ಎಂಬುದಕ್ಕೆ ದುಡ್ಡು ಸುರಿಯಬೇಕಾದ ಅಗತ್ಯ ಅಟ್ಲಾಂಟಾಕ್ಕೆ ಇರಲಿಲ್ಲ. ತಿಜೋರಿಯ ಗುಟ್ಟು ಕೈಯಲ್ಲಿದ್ದೂ ಅದಕ್ಕೆ ಸಿಗದೇ ಇದ್ದದ್ದು ಆ ಹದಿನಾರು ವರ್ಷದಲ್ಲಿ ಬೆಳೆದ ನಾಲಿಗೆಯ ರೂಢಿ. ಕೊಂಡ ಮೇಲೆ ಥಮ್ಸ್ ಅಪ್ ಅನ್ನು ಮೂಲೆಗೆ ಸರಿಸಿ ಕೋಕನ್ನು ಮುಂದೆ ತರಲು ನೋಡಿತು. ಕುಡಿಯುವವರು ಕೇಳಲಿಲ್ಲ, ಕಂಪನಿಯೇ ಸೋತು ಥಮ್ಸ್ ಅಪ್ ಜಾಹೀರಾತಿಗೆ ಮತ್ತೆ ದುಡ್ಡು ಹಾಕಿತು.

ಡಬಲ್ ಸೆವೆನ್ ಮಾಡಿದ ಮಾಡರ್ನ್ ಫುಡ್ ಇಂಡಸ್ಟ್ರೀಸ್ ಕಥೆ 2000ದ ಜನವರಿಯಲ್ಲಿ ಮುಗಿಯಿತು. ವಾಜಪೇಯಿ ಸರಕಾರ ಅದರ ಶೇ. 74 ಪಾಲನ್ನು 105 ಕೋಟಿ ರೂಪಾಯಿಗೆ ಮಾರಿತು. ಸರಕಾರಿ ಕಂಪನಿಯೊಂದರ ಆಡಳಿತವನ್ನೇ ಖಾಸಗಿಯವರಿಗೆ ಒಪ್ಪಿಸಿದ ಮೊದಲ ಮಾರಾಟ ಅದು. ಕೊಂಡದ್ದು ಹಿಂದುಸ್ತಾನ್ ಲೀವರ್, ಫೆರಾ ಕಾಲದಲ್ಲಿ ಚೌಕಾಸಿ ಮಾಡಿ ಶೇ. 51 ಉಳಿಸಿಕೊಂಡಿದ್ದ ಅದೇ ಲೀವರ್. ಜಾರ್ಜ್ ಫರ್ನಾಂಡಿಸ್ ಆಗ ಅದೇ ಸಂಪುಟದಲ್ಲಿ ರಕ್ಷಣಾ ಮಂತ್ರಿ. 2002ರಲ್ಲಿ ಸರಕಾರಿ ತೈಲ ಕಂಪನಿಗಳನ್ನು ಮಾರುವ ಮಾತು ಬಂದಾಗ ಅವರು ಒಳಗಿದ್ದುಕೊಂಡೇ ತಗಾದೆ ತೆಗೆದರು. ಬ್ರೆಡ್ಡಿನ ಕಂಪನಿ ಹೋದದ್ದು ಹೋಯಿತು.